ಇನ್‌ಸ್ಪೆಕ್ಷನ್ ಬುಕ್ಕಿನಲ್ಲಿ ಬರೆಯದ ಮಾತು

ಗಡ್ಡ ಮಾಡಿಕೊಳ್ಳುವ ಬ್ರಶ್ಶೊಂದು ಹತ್ತಿರ ಹತ್ತಿರ ಇಪ್ಪತ್ತು ವರ್ಷ ನನ್ನ ಚೀಲದಲ್ಲಿತ್ತು. ಅದನ್ನು ಒಂದು ದಿನವೂ ನಾನು ಗಲ್ಲಕ್ಕೆ ಮುಟ್ಟಿಸಲಿಲ್ಲ. ಜೊತೆಗೆ ಒಂದು ಔಷಧಿ ಬಾಟಲಿ, ಅದರ ತುಂಬ ಸಾಬೂನಿನ ನೀರು. ಪುಣೆಯ ಸುತ್ತಲಿನ ಕಾರ್ಖಾನೆಗಳಲ್ಲಿ ಗ್ಯಾಸಿನ ಪೈಪುಗಳು ಎಲ್ಲೆಲ್ಲಿ ಒಂದಕ್ಕೊಂದು ಸೇರುತ್ತವೆಯೋ ಅಲ್ಲೆಲ್ಲ ನೊರೆ ಬಳಿದು ಕಣ್ಣು ನೆಟ್ಟು ಕೂರುವುದು ನನ್ನ ಕೆಲಸ. ಗುಳ್ಳೆ ಎದ್ದರೆ ಸೋರುತ್ತಿದೆ, ಏಳದಿದ್ದರೆ ಸೋರುತ್ತಿಲ್ಲ. ಸರ್ಕಾರ ಇದಕ್ಕೆಂದೇ ಒಂದು ಯಂತ್ರವನ್ನೂ ತರಿಸಿಕೊಟ್ಟಿತ್ತು. ಅದು ಕಚೇರಿಯ ಕಪಾಟಿನಲ್ಲಿ ಭದ್ರವಾಗಿತ್ತು. ಹೊರಗೆ ಒಯ್ದಾಗ ಕೆಟ್ಟರೆ ಜವಾಬು ಯಾರು ಕೊಡಬೇಕು ಎಂಬ ಹೆದರಿಕೆಗೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ಕಾರ್ಖಾನೆಗಳಲ್ಲಿ ಸುರಕ್ಷತೆಯ ನಿಯಮಗಳು ನಡೆಯುತ್ತಿವೆಯೋ ಇಲ್ಲವೋ ಎಂದು ನೋಡುವ ಸರ್ಕಾರಿ ಇನ್‌ಸ್ಪೆಕ್ಟರ್ ನಾನು, ಅದೂ ಎಲ್ಲರಿಗಿಂತ ಕಿರಿಯ. ಧಾರವಾಡದಲ್ಲಿ ಓದು ಮುಗಿಸಿ, ಪುಣೆಯಲ್ಲಿ ನೌಕರಿ ಸಿಕ್ಕು, ಪೇಟೆಯ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದು ಅವ್ವ ಮತ್ತು ಹೆಂಡತಿಯ ಜೊತೆ ಇದ್ದೆ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಕಾಗದದ ಮೇಲೆ ಇಂಗ್ಲಿಷು. ಮೂರರಲ್ಲೂ ನಾನು ಚೆನ್ನಾಗಿ ಮಾತಾಡುತ್ತೇನೆಂದು ಒಂದು ಜಂಬವೂ ಇತ್ತು. ಆ ಜಂಬ ಯಾರ ಕೈ ಸುಟ್ಟಿತು ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಆಗ ನೆಲದಡಿಯ ಪೈಪಿನಲ್ಲಿ ಊರೂರಿಗೆ ಗ್ಯಾಸು ಹರಿದು ಬರುವ ಕಾಲ ಪುಣೆಗೆ ಬಂದಿರಲಿಲ್ಲ. ದೊಡ್ಡ ಕಾರ್ಖಾನೆಗಳು ಅಂಗಳದ ಮೂಲೆಯಲ್ಲೊಂದು ಶೆಡ್ಡು ಕಟ್ಟಿ, ಸಾಲಾಗಿ ಗ್ಯಾಸ್ ಸಿಲಿಂಡರ್ ನಿಲ್ಲಿಸಿ, ಅಲ್ಲಿಂದ ಪೈಪು ಎಳೆದು ಕುಲುಮೆಗಳಿಗೆ ಉರಿ ಕೊಡುತ್ತಿದ್ದವು. ಪೈಪು ಎಷ್ಟು ದಪ್ಪ ಇರಬೇಕು, ಯಾವ ಬಣ್ಣ ಬಳಿದಿರಬೇಕು, ಎಷ್ಟು ತಿಂಗಳಿಗೊಮ್ಮೆ ಒತ್ತಡ ಹಾಕಿ ನೋಡಬೇಕು, ಎಲ್ಲಕ್ಕೂ ನಿಯಮ ಇತ್ತು. ನಿಯಮಕ್ಕೇನೂ ಬರಗಾಲ ಇರಲಿಲ್ಲ. ಬರಗಾಲ ಇದ್ದದ್ದು ಜೀಪಿಗೆ. ನಾಲ್ಕು ಜನ ಇನ್‌ಸ್ಪೆಕ್ಟರುಗಳಿಗೆ ಒಂದೇ ಜೀಪು, ಅದಕ್ಕೂ ತಿಂಗಳ ಇಪ್ಪತ್ತನೆಯ ತಾರೀಖಿನ ನಂತರ ಪೆಟ್ರೋಲು ಇರುತ್ತಿರಲಿಲ್ಲ. ಹಾಗಾಗಿ ಯಾವ ಕಾರ್ಖಾನೆಯನ್ನು ತಪಾಸಣೆ ಮಾಡಬೇಕೋ ಅದಕ್ಕೇ ಫೋನು ಮಾಡಿ ಕಾರು ಕಳಿಸಲು ಹೇಳುವುದು ರೂಢಿ. ಕಳ್ಳನ ಮನೆಗೆ ಅವನದೇ ಟಾಂಗಾದಲ್ಲಿ ಪೊಲೀಸ ಹೋದ ಹಾಗೆ. ನಾವು ಇಳಿಯುವ ಹೊತ್ತಿಗೆ ನೆಲ ತೊಳೆದಿರುತ್ತಿತ್ತು, ಎಲ್ಲರ ತಲೆಯ ಮೇಲೂ ಟೋಪಿ ಇರುತ್ತಿತ್ತು, ಕೆಲವು ಟೋಪಿಗಳ ಮೇಲೆ ಅಂಗಡಿಯ ಚೀಟಿಯೂ ಹಾಗೇ ಇರುತ್ತಿತ್ತು.

ನಾನು ಸೇರಿದ ವಾರದಲ್ಲೇ ನಮ್ಮ ಹಿರಿಯ ಸಾಹೇಬರು ನನ್ನನ್ನು ಕೂರಿಸಿಕೊಂಡು ಕೆಲಸದ ಗುಟ್ಟು ಹೇಳಿಕೊಟ್ಟಿದ್ದರು. ಪ್ರತಿ ಕಾರ್ಖಾನೆಯಲ್ಲೂ ಒಂದು ಇನ್‌ಸ್ಪೆಕ್ಷನ್ ಬುಕ್ಕು ಇರುತ್ತದೆ, ಕಂಡ ದೋಷವನ್ನು ಅದರಲ್ಲಿ ಬರೆದು ಸಹಿ ಹಾಕಿ ಬಾ. ಬರೆಯುವಾಗ ಕಟುವಾಗಿ ಬರೆ, 'ತತ್‌ಕ್ಷಣ' ಎಂಬ ಶಬ್ದ ಬಿಡಬೇಡ. ಬಾಯಲ್ಲಿ ಬೇಕಾದರೆ ಸಡಿಲು ಬಿಡು, ಮಂದಿಯ ಜೊತೆ ಹೊಂದಿಕೊಂಡು ಹೋಗಬೇಕಲ್ಲ. ನಾಳೆ ಏನಾದರೂ ಆದರೆ ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ನಮ್ಮನ್ನು ಕಾಯುತ್ತದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಈ ವಿದ್ಯೆಯನ್ನು ನಾನು ಬೇಗ ಕಲಿತೆ.

ಆ ವರ್ಷ ನವರಾತ್ರಿಯ ಅಷ್ಟಮಿಯ ದಿನ ಮಧ್ಯಾಹ್ನ ಮುಂಬೈ ರಸ್ತೆಯ ಕಡೆಯ ಒಂದು ಕಾರ್ಖಾನೆಗೆ ಹೋಗಿದ್ದೆ. ಉಕ್ಕಿನ ಬಿಡಿಭಾಗಗಳನ್ನು ಕಾಯಿಸಿ ಗಟ್ಟಿ ಮಾಡುವ ಕಾರ್ಖಾನೆ. ಸಾಲು ಕುಲುಮೆಗಳು, ನೆಲದಲ್ಲಿ ಮೊಳಕಾಲಾಳದ ಕಾಲುವೆ, ಅದರೊಳಗೆ ಹಳದಿ ಬಣ್ಣದ ಗ್ಯಾಸ್ ಪೈಪು, ಮೇಲೆ ಕಬ್ಬಿಣದ ತಗಡುಗಳು. ಮ್ಯಾನೇಜರು ಮರಾಠಿಯವರು, ಬಿಳಿ ಅಂಗಿ, ಮೃದು ಮಾತು. ತಗಡು ಎತ್ತಿಸಿ ಬ್ರಶ್ಶು ಆಡಿಸುತ್ತ ಹೋದೆ. ಮೂರನೆಯ ಕುಲುಮೆಯ ಹತ್ತಿರದ ಜಾಯಿಂಟಿನಲ್ಲಿ ನೊರೆ ಕುದಿಯುವ ಅನ್ನದ ಹಾಗೆ ಗುಳುಗುಳು ಎದ್ದಿತು. ಬಗ್ಗಿ ಮೂಸಿದರೆ ಕೊಳೆತ ಕೋಸಿನ ವಾಸನೆ. ಆ ಗ್ಯಾಸು ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಪೈಪಿನ ಕೆಲಸದ ಫಿಟ್ಟರನ್ನು ಕರೆಯಿರಿ ಎಂದೆ. ಬಂದವರು ಐವತ್ತರ ಆಸುಪಾಸಿನ ಮನುಷ್ಯ, ಹಣೆಯ ಮೇಲೆ ಕುಂಕುಮ, ಆಗತಾನೇ ತೊಳೆದ ಕೈ. ಜಾಯಿಂಟು ನೋಡಿ, ನನ್ನ ಮುಖ ನೋಡಿ, ಮರಾಠಿಯಲ್ಲಿ ಒಂದೆರಡು ಮಾತು ಆಡಿದರು. ಆ ಮರಾಠಿಯ ಎಳೆತ ಕೇಳಿದೊಡನೆ ನನಗೆ ಗೊತ್ತಾಯಿತು. ಯಾವ ಊರ್ರಿ ಕಾಕಾ ಎಂದು ಕನ್ನಡದಲ್ಲಿ ಕೇಳಿದೆ. ಅವರ ಮುಖ ಅರಳಿತು. ಸವದತ್ತಿಯ ಕಡೆಯ ಹಳ್ಳಿ, ಇಪ್ಪತ್ತೆರಡು ವರ್ಷದಿಂದ ಇದೇ ಕಾರ್ಖಾನೆ, ಈ ಪೈಪು ಹಾಕಿದ್ದೇ ಅವರಂತೆ. ಸಾಹೇಬ ಅನ್ನುವವನ ಬಾಯಲ್ಲಿ ಕನ್ನಡ ಕೇಳಿದ್ದು ಇದೇ ಮೊದಲು ಅಂದರು. ನನಗೂ ಎದೆ ಉಬ್ಬಿತು. ಪಕ್ಕದಲ್ಲಿ ನಿಂತ ಮ್ಯಾನೇಜರಿಗೆ ನಮ್ಮ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಅದೂ ಒಂದು ಖುಷಿಯೇ.

ಜಾಯಿಂಟಿನ ನಡುವಿನ ಪ್ಯಾಕಿಂಗು ಹೋಗಿತ್ತು. ಬದಲಿಸಲು ಒಂದು ಗಂಟೆಯ ಕೆಲಸ. ಅದಕ್ಕೆ ಗ್ಯಾಸು ನಿಲ್ಲಿಸಿ ಆ ಕುಲುಮೆಯನ್ನು ಆರಿಸಬೇಕು. ಮ್ಯಾನೇಜರು ಬೇಡವೆಂದರೆ ನಾನು ಆದೇಶ ಬರೆದು ಇಡೀ ಲೈನು ಬಂದ್ ಮಾಡಿಸಬಹುದಿತ್ತು, ಆದರೆ ಅದಕ್ಕೆ ಹಿರಿಯ ಸಾಹೇಬರ ಸಹಿ ಬೇಕು, ಅವರು ಹಬ್ಬಕ್ಕೆ ಆಗಲೇ ನಾಶಿಕದ ಹಾದಿ ಹಿಡಿದಿದ್ದರು. ಈಗಲೇ ಮಾಡಿಬಿಡ್ರಿ ಕಾಕಾ ಎಂದೆ.

ಅವರು ನನ್ನನ್ನು ಕುಲುಮೆಗಳ ಶೆಡ್ಡಿನ ಮೂಲೆಗೆ ಕರೆದೊಯ್ದು ತೋರಿಸಿದರು. ಕಟ್ಟಿಗೆಯ ಹಲಗೆಯ ಮೇಲೆ ಕೆಂಪು ಬಟ್ಟೆ ಹಾಸಿ, ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಉಳಿ, ಗರಗಸ ಎಲ್ಲವನ್ನೂ ತೊಳೆದು ಎಣ್ಣೆ ಒರೆಸಿ, ಚಿಕ್ಕದರಿಂದ ದೊಡ್ಡದರವರೆಗೆ ಸಾಲು ಹಿಡಿದು ಇಟ್ಟಿದ್ದರು. ಪ್ರತಿಯೊಂದಕ್ಕೂ ಅರಿಶಿನ, ಕುಂಕುಮ, ಒಂದೊಂದು ಚೆಂಡು ಹೂವು. ಮರುದಿನ ಖಂಡೇನವಮಿ. ನಮ್ಮ ಕಡೆ ಒಮ್ಮೆ ಆಯುಧ ಪೂಜೆಗೆ ಇಟ್ಟ ಮೇಲೆ ದಸರೆಯ ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಎತ್ತಿದರೆ ಅದೇ ಆಯುಧ ಕೈ ಕಚ್ಚುತ್ತದೆ ಎಂದು ಹಿರಿಯರು ಹೇಳುತ್ತಾರೆ.

"ಪೂಜಾಕ ಇಟ್ಟೀನ್ರಿ ಸಾಹೇಬ್ರ," ಎಂದರು. "ಆದ್ರ ಇದು ಗ್ಯಾಸಿನ ಕೆಲಸ ಐತಿ. ನೀವು ಎತ್ತು ಅಂದ್ರ ಎತ್ತತೀನ್ರಿ."

ಈ ಮಾತನ್ನು ಓದುವವರು ಗಮನಿಸಬೇಕು. ಅವರು ಆಗುವುದಿಲ್ಲ ಅನ್ನಲಿಲ್ಲ. ದೇವರ ಹೆಸರು ಹೇಳಿ ಕೆಲಸ ತಪ್ಪಿಸಿಕೊಳ್ಳುವ ಮನುಷ್ಯನೂ ಅಲ್ಲ. ತಪ್ಪಿನ ಭಾರ ಹೊರಲು ತಯಾರಿದ್ದರು, ಅದಕ್ಕೆ ನನ್ನ ಒಂದು ಶಬ್ದ ಕೇಳಿದರು. 'ಎತ್ತ್ರಿ' ಎಂದಿದ್ದರೆ ಮುಗಿಯುತ್ತಿತ್ತು. ಈಗ ಕೂತು ಯೋಚಿಸಿದರೆ ಮೂರು ಕಾರಣ ಕಾಣುತ್ತವೆ: ನಮ್ಮ ಮನೆಯಲ್ಲೂ ಅವ್ವ ಆ ಎರಡು ದಿನ ಈಳಿಗೆಯನ್ನೂ ಮುಟ್ಟಗೊಡುತ್ತಿರಲಿಲ್ಲ, ಕುಲುಮೆ ಆರಿಸಿದರೆ ಮತ್ತೆ ಕಾಯಲು ಒಂದು ದಿನ ಹಿಡಿಯುತ್ತದೆಂದು ಮ್ಯಾನೇಜರು ಆಗಲೇ ಗೊಣಗಿದ್ದರು, ನನಗೂ ಮನೆಗೆ ಹೋಗುವ ಆತುರವಿತ್ತು. ಇವೆಲ್ಲ ನೆಪ. ನಿಜ ಹೇಳಬೇಕೆಂದರೆ ಆ ಮನುಷ್ಯನ ಕಣ್ಣಿನಲ್ಲಿ ಒಳ್ಳೆಯವನಾಗಬೇಕು ಅನ್ನಿಸಿತು. ನಮ್ಮ ಕಡೆಯ ಹುಡುಗ ಸಾಹೇಬನಾದರೂ ನಮ್ಮ ಪದ್ಧತಿ ಮರೆತಿಲ್ಲ ಎಂದು ಅವರು ಹೆಂಡತಿಯ ಮುಂದೆ ಹೇಳಿಕೊಳ್ಳಲಿ ಅನ್ನಿಸಿತು. ಸುರಕ್ಷತೆಯ ಇನ್‌ಸ್ಪೆಕ್ಟರಿಗೆ ಒಳ್ಳೆಯವನೆನಿಸಿಕೊಳ್ಳುವ ಚಪಲ ಇರಬಾರದು.

"ಇರಲಿ ಬಿಡ್ರಿ ಕಾಕಾ," ಎಂದೆ. "ಎಷ್ಟೋ ದಿನದಿಂದ ಸೋರಲಿಕ್ಕೆ ಹತ್ಯದ. ಇನ್ನೆರಡು ದಿನಕ್ಕ ಏನಾಗತದ? ದಸರಾ ಆದ ಮ್ಯಾಲ ಮಾಡ್ರಿ."

ಆಮೇಲೆ ಮ್ಯಾನೇಜರ ಕೋಣೆಗೆ ಹೋಗಿ, ಚಹಾ ಕುಡಿದು, ಇನ್‌ಸ್ಪೆಕ್ಷನ್ ಬುಕ್ಕು ತೆರೆದು, ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಮೂರನೆಯ ಕುಲುಮೆಯ ಜಾಯಿಂಟಿನಲ್ಲಿ ಸೋರಿಕೆ ಇದೆ, ತತ್‌ಕ್ಷಣ ಸರಿಪಡಿಸತಕ್ಕದ್ದು, ಸಂಬಂಧಪಟ್ಟ ಫಿಟ್ಟರಿಗೆ ಸ್ಥಳದಲ್ಲೇ ಸೂಚನೆ ಕೊಡಲಾಗಿದೆ. ಮ್ಯಾನೇಜರು ಓದಿ ಸಹಿ ಹಾಕಿದರು. ಫಿಟ್ಟರಿಗೆ ಏನು ಹೇಳಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ಹೇಳಿದ್ದೇನೆ, ಮಾಡುತ್ತಾರೆ ಎಂದೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು, ಮರಾಠಿಯಲ್ಲಿ ಎರಡೂ ಅಲ್ಲದ ಮತ್ತೊಂದು. ಕಾರಿನಲ್ಲಿ ಅವರು ಇರಿಸಿದ್ದ ಪೇಢೆಯ ಡಬ್ಬಿಯನ್ನು ಬೇಡ ಅನ್ನದೆ ಮನೆಗೆ ತಂದೆ.

ಮರುದಿನ ಬೆಳಿಗ್ಗೆ ಅವ್ವ ಮಣೆಯ ಮೇಲೆ ಈಳಿಗೆ, ಕತ್ತರಿ, ಅಪ್ಪನ ಕಾಲದ ಅಡಕೊತ್ತು ಎಲ್ಲ ಜೋಡಿಸಿ, ನಿನ್ನ ಪೆನ್ನು ಕೊಡು ಎಂದಳು. ಪ್ರತಿ ವರ್ಷವೂ ಕೊಡುತ್ತಿದ್ದೆ. ನನ್ನ ಆಯುಧ ಅದೇ ಅಲ್ಲವೇ. ಪೆನ್ನಿಗೂ ಕುಂಕುಮ ಬಿತ್ತು, ಹೂವು ಬಿತ್ತು. ನಾವು ಊಟಕ್ಕೆ ಕೂರುವ ಹೊತ್ತಿಗೆ ಕಚೇರಿಯ ಜವಾನ ಸೈಕಲ್ಲು ತುಳಿದುಕೊಂಡು ಬಂದು, ಆ ಕಾರ್ಖಾನೆಯಲ್ಲಿ ಬೆಂಕಿ ಎದ್ದಿದೆ, ಕೂಡಲೇ ಹೋಗಬೇಕಂತೆ ಎಂದ. ಎದ್ದವನೇ ಅಂಗಿ ಹಾಕಿಕೊಂಡು ಮಣೆಯ ಮೇಲಿನ ಪೆನ್ನನ್ನು ಎತ್ತಿ ಜೇಬಿಗೆ ಸಿಕ್ಕಿಸಿದೆ. ನಾಳೆವರೆಗೆ ಎತ್ತಬಾರದೋ ಎಂದು ಅವ್ವ ಹಿಂದಿನಿಂದ ಅಂದಳು. ಫಿಟ್ಟರ್ ಕಾಕಾನ ಪಾನಾಕ್ಕೆ ನಾನು ತೋರಿಸಿದ ಮರ್ಯಾದೆ ನನ್ನ ಪೆನ್ನಿಗೆ ಸಿಗಲಿಲ್ಲ. ಕೆಲಸ ಬಿದ್ದಾಗ ನನ್ನ ಆಯುಧವನ್ನು ಎತ್ತಲು ಯಾರನ್ನೂ ನಾನು ಕೇಳಲಿಲ್ಲ.

ಅಲ್ಲಿ ನಡೆದದ್ದನ್ನು ಕೆಲಸಗಾರರು ಹೇಳಿದರು. ಕುಲುಮೆಗಳ ಮುಂದೆ ಬಾಳೆಕಂಬ ಕಟ್ಟಿ, ತಗಡುಗಳ ಮೇಲೆ ರಂಗೋಲಿ ಹಾಕಿ, ಧೂಪ ಹಾಕಿದ್ದರಂತೆ. ಧೂಪದ ಘಮದಲ್ಲಿ ಕೋಸಿನ ವಾಸನೆ ಯಾರ ಮೂಗಿಗೂ ಬರಲಿಲ್ಲ. ಎಲ್ಲರಿಗಿಂತ ಹಳಬರೆಂದು ಫಿಟ್ಟರ್ ಕಾಕಾನ ಕೈಗೆ ಆರತಿಯ ತಟ್ಟೆ ಕೊಟ್ಟರು. ಮೊದಲ ಕುಲುಮೆಗೆ ಬೆಳಗಿ, ಎರಡನೆಯದಕ್ಕೆ ಬೆಳಗಿ, ಮೂರನೆಯದರ ಮುಂದೆ ತಟ್ಟೆಯನ್ನು ನೆಲಕ್ಕಿಟ್ಟು ಕಾಯಿ ಒಡೆಯಲು ಬಗ್ಗಿದರು. ಕಾಲುವೆಯೊಳಗೆ ರಾತ್ರಿಯಿಡೀ ತುಂಬಿ ನಿಂತಿದ್ದ ಗ್ಯಾಸು ಕರ್ಪೂರದ ಉರಿಗೆ ಹತ್ತಿಕೊಂಡು, ತಗಡುಗಳು ಒಂದರ ಹಿಂದೊಂದು ಹಾರಿಬಿದ್ದವು. ಎಲ್ಲರೂ ಓಡಿದರು. ಕಾಕಾ ಓಡಲಿಲ್ಲ. ಉರಿಯುತ್ತಿದ್ದ ಜಾಯಿಂಟಿನ ಪಕ್ಕದಲ್ಲೇ ಲೈನಿನ ವಾಲ್ವು ಇದೆ ಎಂದು ಆ ಪೈಪು ಹಾಕಿದ ಅವರಿಗೆ ಗೊತ್ತಿತ್ತು. ಕಾಲುವೆಗೆ ಕೈ ಇಳಿಸಿ, ಕಾದ ಕಬ್ಬಿಣದ ಚಕ್ರವನ್ನು ಬರಿಗೈಯಲ್ಲಿ ಹಿಡಿದು, ಪೂರಾ ಬಂದ್ ಆಗುವ ತನಕ ತಿರುಗಿಸಿದರು. ಬೆಂಕಿ ಸಿಲಿಂಡರಿನ ಶೆಡ್ಡಿಗೆ ಮುಟ್ಟಲಿಲ್ಲ. ಹಬ್ಬವೆಂದು ಹೆಂಡತಿ ಮಕ್ಕಳನ್ನು ಕರೆತಂದಿದ್ದ ಅಷ್ಟೂ ಜನ ಬದುಕಿ ಮನೆಗೆ ಹೋದರು.

ನಾನು ಹೋದಾಗ ಅವರನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಮೂಲೆಯಲ್ಲಿ ಕೆಂಪು ಬಟ್ಟೆಯ ಮೇಲೆ ಪಾನಾಗಳು ಇದ್ದ ಹಾಗೇ ಇದ್ದವು, ಒಂದು ಹೂವೂ ಬಾಡಿರಲಿಲ್ಲ. ಕುಂಕುಮ ಹತ್ತಿದ ಪೆನ್ನಿನಲ್ಲಿ ವರದಿ ಬರೆದೆ.

ಹಿರಿಯ ಸಾಹೇಬರು ನಾಶಿಕದಿಂದ ತಿರುಗಿ ಬಂದವರೇ ಮೊದಲು ಕೇಳಿದ್ದು, ಬುಕ್ಕಿನಲ್ಲಿ ಏನು ಬರೆದಿದ್ದೀ ಎಂದು. ತೋರಿಸಿದೆ. 'ತತ್‌ಕ್ಷಣ' ಎಂಬ ಶಬ್ದದ ಮೇಲೆ ಬೆರಳಿಟ್ಟು ಉಸಿರು ಬಿಟ್ಟರು. ಆಗ ನಾನು ಅವರಿಗೆ ಕನ್ನಡದಲ್ಲಿ ಆಡಿದ ಮಾತನ್ನು ಹೇಳಿದೆ. ಅಷ್ಟಾದರೂ ಮಾಡಿದೆ ಎಂದು ಬಹಳ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು. ಆ ಮಾತನ್ನು ಇನ್ನು ಯಾರು ಕೇಳಿದ್ದಾರೆ ಎಂದರು. ಯಾರೂ ಇಲ್ಲ, ಮ್ಯಾನೇಜರಿಗೆ ತಿಳಿಯಲಿಲ್ಲ ಎಂದೆ. ಹಾಗಾದರೆ ಆ ಮಾತು ಆಡಿಯೇ ಇಲ್ಲ ಎಂದರು. ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ ಎಂದೂ ಹೇಳಿದರು. ನನ್ನ ಹೆಂಡತಿಗೆ ಆಗ ಆರು ತಿಂಗಳು.

ವಿಚಾರಣೆ ಎರಡು ತಿಂಗಳ ನಂತರ ಕಾರ್ಖಾನೆಯಲ್ಲೇ ನಡೆಯಿತು. ಕಾಕಾನ ಸುಟ್ಟ ಕೈಗಳನ್ನು ಅಂದೇ ಮೊದಲು ನೋಡಿದೆ. ಬೆರಳುಗಳು ಅಂಗೈಯ ಕಡೆ ಬಾಗಿ ಒಂದಕ್ಕೊಂದು ಅಂಟಿದ್ದವು, ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಯಾರೋ ಕುರ್ಚಿ ಕೊಟ್ಟರೂ ಕೂರದೆ ಗೋಡೆಗೆ ಒರಗಿ ನಿಂತಿದ್ದರು. ವಿಚಾರಣೆಗೆ ಬಂದ ಅಧಿಕಾರಿ ನನ್ನ ಬರಹವನ್ನು ಗಟ್ಟಿಯಾಗಿ ಓದಿ, ಮರಾಠಿಯಲ್ಲಿ ಅರ್ಥ ಹೇಳಿ, ಇದರ ಹೊರತಾಗಿ ಬಾಯಿಮಾತಿನಲ್ಲಿ ಬೇರೆ ಏನಾದರೂ ಸೂಚನೆ ಕೊಟ್ಟಿದ್ದಿರಾ ಎಂದು ನನ್ನನ್ನು ಕೇಳಿದರು.

ಇಲ್ಲ ಎಂದೆ.

ಎರಡಕ್ಷರ. ಮರಾಠಿಯಲ್ಲೂ ಎರಡೇ ಅಕ್ಷರ. ಕಾಕಾನ ಕಡೆ ನೋಡಬಾರದೆಂದುಕೊಂಡಿದ್ದರೂ ನೋಡಿದೆ. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಂತೆಯಲ್ಲಿ ಜೊತೆಯವನು ಎಲ್ಲಿ ಹೋದ ಎಂದು ಹುಡುಕುವವನ ಹಾಗೆ ನನ್ನನ್ನು ನೋಡುತ್ತಿದ್ದರು. ಅಧಿಕಾರಿ ಅವರನ್ನೂ ಕೇಳಿದರು, ಇನ್‌ಸ್ಪೆಕ್ಟರು ಈಗಲೇ ಮಾಡು ಎಂದರೋ, ಆಮೇಲೆ ಮಾಡು ಎಂದರೋ? ಕಾಕಾ ಮೊದಲು ಕನ್ನಡದಲ್ಲಿ ಶುರು ಮಾಡಿ, ತಡೆದು, ಮರಾಠಿಗೆ ತಿರುಗಿದರು. ದಸರೆ ಆದ ಮೇಲೆ ಎಂದು ನನಗೆ ಕೇಳಿಸಿತ್ತು ಎಂದರು. ಸಾಹೇಬರು ಓದಿದವರು, ಬರೆದಿದ್ದಾರೆಂದರೆ ಹಾಗೆಯೇ ಹೇಳಿರಬೇಕು ಎಂದೂ ಸೇರಿಸಿದರು. ಅಧಿಕಾರಿ ಬರೆದುಕೊಂಡದ್ದು ಎರಡನೆಯ ಮಾತನ್ನು ಮಾತ್ರ.

ತೀರ್ಮಾನ ಬಂತು. ನಿಯಮದ ಪ್ರಕಾರ ತಪಾಸಣೆ ನಡೆದಿತ್ತು, ಸ್ಪಷ್ಟ ಆದೇಶವಿತ್ತು, ಫಿಟ್ಟರು ಮೂಢನಂಬಿಕೆಯಿಂದ ಆದೇಶ ಪಾಲಿಸಲಿಲ್ಲ. ಕಾರ್ಖಾನೆಗೊಂದು ಎಚ್ಚರಿಕೆಯ ಪತ್ರ, ಕಾಕಾನಿಗೆ ಕೆಲಸದಿಂದ ತೆಗೆದುಹಾಕುವ ಬರ್ತರ್ಫಿನ ಪತ್ರ. ವಾಲ್ವು ಬಂದ್ ಮಾಡಿದ್ದು ಯಾವ ಕಾಗದದಲ್ಲೂ ಬರಲಿಲ್ಲ. ಅದನ್ನು ಬರೆಯುವ ಅಂಕಣ ನಮ್ಮ ಫಾರ್ಮಿನಲ್ಲಿ ಇರಲಿಲ್ಲ. ಮುಂದಿನ ಏಪ್ರಿಲಿನಲ್ಲಿ ನನ್ನ ನೌಕರಿ ಕಾಯಂ ಆಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ನಮ್ಮವರು ಅದನ್ನೂ ಹಾಕಲಿಲ್ಲ. ಕಪಾಟಿನ ಯಂತ್ರ ಕಪಾಟಿನಲ್ಲೇ ಉಳಿಯಿತು, ತಪಾಸಣೆಗೆ ಕಾರ್ಖಾನೆಯ ಕಾರೇ ಬರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಬಡ್ತಿ ಸಿಕ್ಕಿತು, ಸರ್ಕಾರಿ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ ಮನೆಯೂ ಸಿಕ್ಕಿತು. ಹೊಸದಾಗಿ ಸೇರಿದ ಇನ್‌ಸ್ಪೆಕ್ಟರುಗಳಿಗೆ ಪಾಠ ಮಾಡಲು ಹಿರಿಯ ಸಾಹೇಬರು ನನ್ನನ್ನೇ ಕಳಿಸುತ್ತಿದ್ದರು. ಬುಕ್ಕಿನಲ್ಲಿ ದೋಷವನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಮಾದರಿಯೆಂದು ಹಂಚಲು ಒಂದು ಹಾಳೆಯನ್ನು ಟೈಪು ಮಾಡಿಸಿದ್ದರು. ಕಾರ್ಖಾನೆಯ ಹೆಸರು ಅಳಿಸಿತ್ತು, ಉಳಿದದ್ದೆಲ್ಲ ನನ್ನದೇ ಮಾತು. ದೋಷ ಎಲ್ಲಿದೆ ಎಂಬುದು ಇದೆ, ಕಾಲಮಿತಿ ಇದೆ, ಯಾರಿಗೆ ಸೂಚನೆ ಕೊಡಲಾಗಿದೆ ಎಂಬುದೂ ಇದೆ, ಇದರಲ್ಲಿ ಒಂದೂ ಕೊರತೆ ಇಲ್ಲ ನೋಡಿ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ನನ್ನ ಮೇಲೆ ನನಗೆ ಹೇಸಿಗೆ ಆಗುತ್ತಿತ್ತು, ಹೇಸಿಗೆಯಾದರೂ ಪಾಠ ನಿಲ್ಲಿಸಲಿಲ್ಲ.

ಅಂಥದೊಂದು ವರ್ಷದ ದಸರೆಯ ಸಂಜೆ. ಪುಣೆಯಲ್ಲಿ ಆ ಹೊತ್ತಿಗೆ ಮಂದಿ ಮನೆಮನೆಗೆ ಹೋಗಿ 'ಸೋನೆ', ಅಂದರೆ ಬಂಗಾರ, ಎಂದು ಎಲೆ ಕೊಟ್ಟು ಕೈ ಮುಗಿಯುತ್ತಾರೆ, ನಮ್ಮ ಕಡೆ ಬನ್ನಿ ಕೊಡುವ ಹಾಗೆಯೇ. ನಮ್ಮ ಮನೆಯೊಳಗೆ ಹಿರಿಯ ಸಾಹೇಬರು ಮತ್ತು ಕಚೇರಿಯ ನಾಲ್ಕಾರು ಜನ ಕೂತು ಚಿವಡಾ ತಿನ್ನುತ್ತಿದ್ದರು. ಬಾಗಿಲು ಬಡಿದ ಸದ್ದಾಯಿತು. ಬೆರಳಿನ ಸದ್ದಲ್ಲ, ಮೊಣಕೈಯ ಸದ್ದು. ತೆರೆದರೆ ಫಿಟ್ಟರ್ ಕಾಕಾ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ. ಮನೆ ಹುಡುಕೂದ್ರಾಗ ಭಾಳ ತಡ ಆತ್ರಿ ಎಂದರು. ನಾನು ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡೆ. ಆ ಬಾಗಿಲು ಎಳೆದ ಕೈ ಇದೇ, ಈಗ ಇದನ್ನು ಬರೆಯುತ್ತಿರುವುದು.

ಬನ್ನಿ ಕೊಡಲು ಬಂದೆ, ಆದರೆ ಎಲೆ ನನ್ನ ಕೈಯಲ್ಲಿ ನಿಲ್ಲುವುದಿಲ್ಲ, ಅಂಗಿಯ ಜೇಬಿನಲ್ಲಿದೆ, ನೀವೇ ತೆಗೆದುಕೊಳ್ಳಬೇಕು ಎಂದರು. ಅವರ ಎದೆಯ ಮೇಲಿನ ಜೇಬಿಗೆ ನಾನು ಬೆರಳು ಹಾಕಿ ಎಲೆ ತೆಗೆದುಕೊಂಡೆ. ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಎಂದು ಅವರೇ ಹೇಳಿದರು. ವಯಸ್ಸಿನಲ್ಲಿ ಚಿಕ್ಕವನು ನಾನು, ಕಾಲು ಮುಟ್ಟಬೇಕಾದವನು ನಾನು. ಅದೂ ಆಗಲಿಲ್ಲ.

"ಒಂದು ಮಾತು ಕೇಳತೀನ್ರಿ, ಸಿಟ್ಟಿಗೇಳಬ್ಯಾಡ್ರಿ," ಎಂದರು. "ಅವತ್ತ ನೀವು ಇರಲಿ ಬಿಡ್ರಿ ಅಂದಿದ್ರೋ, ಇಲ್ಲೋ? ಈಗೀಗ ನನಗಽ ಸಂಶೆ ಬರಾಕ ಹತ್ತೈತ್ರಿ."

ಕಟಕಟೆ ಇರಲಿಲ್ಲ, ಬರೆದುಕೊಳ್ಳುವವರು ಇರಲಿಲ್ಲ. "ಅಂದಿದ್ದೆ ಕಾಕಾ," ಎಂದೆ.

ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಮುಖದ ಗೆರೆಗಳು ಸಡಿಲಾದವು. ಇನ್ನೇನೂ ಬೇಡ ಅನ್ನುವ ಹಾಗೆ ತಲೆಯಾಡಿಸಿದರು. ಬರ್ತರ್ಫಿನ ಕಾಗದವನ್ನು ಅವರು ಬಾಡಿಗೆಗಿದ್ದ ಚಾಳಿನ ಓದುಬರಹದವರೊಬ್ಬರು ಹೆಂಡತಿಗೆ ಓದಿ ಹೇಳಿದ್ದರಂತೆ. ಸರ್ಕಾರದ ಸಾಹೇಬ ಈಗಲೇ ಮಾಡು ಎಂದರೂ ನೀನು ಮಾಡಲಿಲ್ಲ, ನಿನ್ನ ಸೋಮಾರಿತನಕ್ಕೆ ಕೈ ಕಳಕೊಂಡೆ, ಸುಳ್ಳು ಬೇರೆ ಹೇಳುತ್ತೀ ಎಂದು ಆಕೆ ಅಂದಿನಿಂದ ಪ್ರತಿ ತುತ್ತಿಗೂ ಹಂಗಿಸುತ್ತಾಳಂತೆ. ತುತ್ತು ಎಂದು ಅವರು ಸುಮ್ಮನೆ ಹೇಳಲಿಲ್ಲ. ಆ ಕೈಗಳಿಂದ ಅವರು ಉಣ್ಣಲಾರರು, ಆಕೆಯೇ ಉಣಿಸಬೇಕು.

"ಆಕಿ ಕೆಳಗ ನಿಂತಾಳ್ರಿ," ಎಂದರು. "ಮ್ಯಾಲ ಬಾ ಅಂದ್ರ ಬರವೊಲ್ಲಳು. ಈಗ ಅಂದ್ರಲ್ರಿ, ಅಷ್ಟಽ ಮಾತು ಆಕಿ ಮುಂದ ಒಮ್ಮೆ ಅಂದಬಿಡ್ರಿ. ನನಗ ಬ್ಯಾರೆ ಏನೂ ಬ್ಯಾಡ."

ಎರಡು ಮಹಡಿಯ ಮೆಟ್ಟಿಲು. ಇಳಿದು ಹತ್ತಲು ಐದು ನಿಮಿಷ ಬೇಡ. ಬಾಗಿಲಿನ ಆಚೆ ಹಿರಿಯ ಸಾಹೇಬರು ಏನೋ ಹೇಳಿ ಎಲ್ಲರೂ ನಕ್ಕರು, ಯಾರು ಬಂದದ್ದು ಎಂದು ನನ್ನ ಹೆಂಡತಿ ಕೂಗಿ ಕೇಳಿದಳು. ಕಾಕಾನ ಕೈ ನೋಡಿದರೆ ಸಾಹೇಬರಿಗೆ ಗುರುತು ಹತ್ತದೆ ಇರುವುದಿಲ್ಲ. ಮನೆಯಲ್ಲಿ ಮಂದಿ ಇದ್ದಾರೆ, ಬಿಟ್ಟು ಬಂದರೆ ಸರಿಯಾಗುವುದಿಲ್ಲ, ಇನ್ನೊಮ್ಮೆ ಬಿಡುವು ಮಾಡಿಕೊಂಡು ನಿಮ್ಮ ಮನೆಗೇ ಬಂದು ಹೇಳುತ್ತೇನೆ ಎಂದೆ. ಹೌದ್ರಿ, ಹಬ್ಬದ ದಿನ ಮಂದಿ ಬಂದಿರತಾರ್ರಿ ಎಂದು ಅವರು ಒಪ್ಪಿಕೊಂಡರು. ಎಷ್ಟು ಸಲೀಸಾಗಿ ಒಪ್ಪಿಕೊಂಡರು ಎಂದರೆ, ನಾನು ಹೀಗೆಯೇ ಹೇಳುತ್ತೇನೆಂದು ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಅಡುಗೆ ಮನೆಯ ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಹಸಿರು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಕಾಕಾ ಹೋಗಿ ಕಟ್ಟಡದ ಕಡೆಗೆ, ನನ್ನ ಮನೆಯ ಕಡೆಗೆ, ಬಾಗಿದ ಕೈ ತೋರಿಸಿ ಏನೋ ಹೇಳಿದರು. ಆಕೆ ಒಮ್ಮೆ ತಲೆ ಎತ್ತಿ ಮೇಲೆ ನೋಡಿದಳು, ಆಮೇಲೆ ಮೆಟ್ಟಿಲಿನ ಬಾಗಿಲನ್ನು ನೋಡಿದಳು. ಅಲ್ಲಿಂದ ಯಾರೂ ಬರಲಿಲ್ಲ. ಆಕೆ ತುಟಿ ಕೊಂಕಿಸಿ ತಿರುಗಿ ನಡೆದುಬಿಟ್ಟಳು. ಕಾಕಾ ಇನ್ನೂ ಏನೋ ಹೇಳುತ್ತಲೇ ಅವಳ ಹಿಂದೆ ಹೋದರು.

ನಾನು ಅವರ ಮನೆಗೆ ಹೋಗಲಿಲ್ಲ. ವಿಳಾಸವನ್ನೇ ಕೇಳಿಟ್ಟುಕೊಂಡಿರಲಿಲ್ಲ.